ಹೆಸರಿಗಿಂತ ಮೊದಲು ಚಿತ್ರ: ಸಿನಿಮಾ ಚರ್ಚೆಗಳಿಂದ ಕಲಿತ ಹತ್ತು ಪಾಠಗಳು

ಸತ್ಯಜಿತ್ ರಾಯ್, ಯಸುಜಿರೊ ಓಜು, ಅಬ್ಬಾಸ್ ಕಿಯಾರೊಸ್ತಮಿ, ಗಿರೀಶ ಕಾಸರವಳ್ಳಿ ಇಂಥವರ ಚಿತ್ರಗಳ ಬಗ್ಗೆ ಬರೆಯುವುದು, ಫಿಲ್ಮ್ ಸೊಸೈಟಿಗಳಲ್ಲಿ ಪ್ರದರ್ಶನದ ನಂತರ ಚರ್ಚೆ ನಡೆಸುವುದು, ರಸಗ್ರಹಣ ಶಿಬಿರಗಳಲ್ಲಿ ಪಾಠ ಹೇಳುವುದು ನನ್ನ ಕೆಲಸ. ಈ ಕೆಲಸದಲ್ಲಿ ಒಂದು ತೊಡಕು ಸದಾ ಎದುರಾಗುತ್ತದೆ. ಚಿತ್ರ ಶುರುವಾಗುವ ಮೊದಲೇ ನಿರ್ದೇಶಕರ ಹೆಸರು ಸಭೆಯಲ್ಲಿ ಬಂದು ಕೂತಿರುತ್ತದೆ. ಕೆಲವರು ಆ ಹೆಸರಿಗೆ ಕೈಮುಗಿಯಲು ಸಿದ್ಧರಾಗಿ ಬಂದಿರುತ್ತಾರೆ, ಕೆಲವರು ಅದರ ಮೇಲೆ ಜಗಳ ತೆಗೆಯಲು. ಇಬ್ಬರೂ ತೆರೆಯ ಮೇಲೆ ನಡೆದದ್ದನ್ನು ಪೂರ್ತಿ ನೋಡಿರುವುದಿಲ್ಲ. ದೊಡ್ಡ ನಿರ್ದೇಶಕರ ಚಿತ್ರಗಳ ಬಗ್ಗೆ ಒಳ್ಳೆಯ ಮಾತುಕತೆ ನಡೆಯಬೇಕಾದರೆ ನೋಟ ಹೆಸರಿನಿಂದ ಚಿತ್ರಕ್ಕೆ ಹೊರಳಬೇಕು. ಅದನ್ನು ಸಾಧಿಸುವ ದಾರಿಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ.

1. ಮೊದಲ ಪ್ರಶ್ನೆ ‘ಏನು ಕಂಡಿರಿ?’ ಎಂಬುದಾಗಿರಲಿ

‘ಚಿತ್ರ ಹೇಗಿತ್ತು?’ ಎಂದು ಕೇಳಿದರೆ ಉತ್ತರ ಎರಡು ಮಾತಿನಲ್ಲಿ ಮುಗಿಯುತ್ತದೆ. ‘ಸಂದೇಶವೇನು?’ ಎಂದು ಕೇಳಿದರೆ ಸಭೆ ತೆರೆಯನ್ನು ಬಿಟ್ಟು ಭಾಷಣಕ್ಕೆ ಇಳಿಯುತ್ತದೆ. ಅದಕ್ಕೇ ನಾನು ವರ್ಣನೆಯಿಂದ ಶುರುಮಾಡುತ್ತೇನೆ.

ರಾಯ್ ಅವರ ‘ಚಾರುಲತಾ’ (1964) ಚಿತ್ರದ ಮೊದಲ ಏಳು ನಿಮಿಷ ಇದಕ್ಕೆ ತಕ್ಕ ಅಭ್ಯಾಸ. ಅಲ್ಲಿ ಮಾತು ಬಹಳ ಕಡಿಮೆ. ಚಾರು ಗಂಡನ ಹೆಸರಿನ ಮೊದಲ ಅಕ್ಷರವನ್ನು ಕರವಸ್ತ್ರದ ಮೇಲೆ ಕಸೂತಿ ಹಾಕುತ್ತಿದ್ದಾಳೆ. ಆಮೇಲೆ ಪುಸ್ತಕದ ಕಪಾಟಿನ ಹತ್ತಿರ ಹೋಗುತ್ತಾಳೆ. ಬೀದಿಯಿಂದ ಸದ್ದು ಬಂದಾಗ ಪುಟ್ಟ ದುರ್ಬೀನು ಹಿಡಿದು ಒಂದು ಕಿಟಕಿಯಿಂದ ಇನ್ನೊಂದಕ್ಕೆ ಓಡಿ, ಹೊರಗೆ ಹೋಗುವವರನ್ನು ಕಿಟಕಿಯ ಪಟ್ಟಿಗಳ ಸಂದಿನಿಂದ ನೋಡುತ್ತಾಳೆ. ಅಷ್ಟರಲ್ಲಿ ಗಂಡ ಭೂಪತಿ ಪುಸ್ತಕದಲ್ಲಿ ಮುಳುಗಿ ಮೊಗಸಾಲೆಯಲ್ಲಿ ಅವಳ ಪಕ್ಕದಲ್ಲೇ ಹಾದುಹೋಗುತ್ತಾನೆ, ಅವಳನ್ನು ಗಮನಿಸುವುದೂ ಇಲ್ಲ. ಚಾರು ಅದೇ ದುರ್ಬೀನನ್ನು ಎತ್ತಿ ಗಂಡನನ್ನು ನೋಡುತ್ತಾಳೆ.

ಇಷ್ಟನ್ನು ಸಭೆಯೇ ಒಬ್ಬರಾದ ಮೇಲೊಬ್ಬರಂತೆ ನೆನಪು ಮಾಡಿಕೊಂಡು ಹೇಳಬೇಕು. ಒಬ್ಬರಿಗೆ ಕಸೂತಿ ನೆನಪಿರುತ್ತದೆ, ಇನ್ನೊಬ್ಬರಿಗೆ ಕಿಟಕಿಗಳು. ಕೊನೆಗೆ ಯಾರಾದರೂ ಎದ್ದು, ಅವಳಿಗೆ ಗಂಡ ಕೂಡ ಬೀದಿಯಲ್ಲಿ ಹೋಗುವವರಷ್ಟೇ ದೂರದವನು ಎನ್ನುತ್ತಾರೆ. ಆ ಅರ್ಥವನ್ನು ವೇದಿಕೆಯ ಮೇಲಿಂದ ನಾನು ಹೇಳಿದ್ದರೆ ಅದು ನನ್ನ ಅಭಿಪ್ರಾಯ ಮಾತ್ರ ಆಗುತ್ತಿತ್ತು. ನೋಡಿದ್ದನ್ನೇ ಜೋಡಿಸಿಕೊಂಡು ಅವರು ಅಲ್ಲಿಗೆ ತಲುಪಿದಾಗ ಅದು ಅವರದೇ ತಿಳಿವಳಿಕೆಯಾಗುತ್ತದೆ.

2. ಅರ್ಥ ಹೇಳುವ ಮುನ್ನ ಶಾಟ್ ಎಲ್ಲಿ ಕೂತಿದೆ ನೋಡಿ

ಓಜುವಿನ ‘ಲೇಟ್ ಸ್ಪ್ರಿಂಗ್’ (1949) ಚಿತ್ರದಲ್ಲಿ ಒಂದು ಹೂದಾನಿ ಇದೆ. ಸಿನಿಮಾ ವಿಮರ್ಶೆಯಲ್ಲಿ ಅದರಷ್ಟು ಚರ್ಚೆಗೆ ಒಳಗಾದ ವಸ್ತುಗಳು ಕಡಿಮೆ. ಮದುವೆಯಾಗಲಿರುವ ಮಗಳು ನೊರಿಕೊ, ಅಪ್ಪನ ಜೊತೆ ಕೊನೆಯ ಪ್ರವಾಸಕ್ಕೆಂದು ಕ್ಯೋಟೊಗೆ ಬಂದಿದ್ದಾಳೆ. ರಾತ್ರಿ ವಸತಿಗೃಹದಲ್ಲಿ ಇಬ್ಬರೂ ಮಲಗಿದ್ದಾರೆ. ಅವಳು ಏನೋ ಹೇಳಲು ಹೊರಡುತ್ತಾಳೆ, ಅಪ್ಪನಿಗೆ ಆಗಲೇ ನಿದ್ದೆ ಹತ್ತಿದೆ. ನೊರಿಕೊ ಮೇಲೆ ನೋಡುತ್ತಾ ಸಣ್ಣಗೆ ನಗುತ್ತಾಳೆ. ಕಟ್. ಕಾಗದದ ಬಾಗಿಲಿನ ಮೇಲೆ ಬಿದಿರೆಲೆಗಳ ನೆರಳು, ಅದರ ಮುಂದೆ ಹೂದಾನಿ. ಮತ್ತೆ ನೊರಿಕೊ. ಈಗ ನಗು ಇಲ್ಲ, ಅಳು ಉಕ್ಕುವಂತಿದೆ. ಮತ್ತೆ ಹೂದಾನಿ.

ಪಾಲ್ ಶ್ರೇಡರ್ 1972ರ ತಮ್ಮ ಪುಸ್ತಕದಲ್ಲಿ ಈ ಹೂದಾನಿಯನ್ನು ನಿಶ್ಚಲತೆಯ ಚಿತ್ರವಾಗಿ, ಭಾವವನ್ನು ತನ್ನೊಳಗೆ ತುಂಬಿಸಿಕೊಳ್ಳುವ ಪಾತ್ರೆಯಾಗಿ ಕಂಡರು. ಡೊನಾಲ್ಡ್ ರಿಚೀ ಅದನ್ನು ನೊರಿಕೊಳ ನೋಟದ ಜೊತೆ ಇಟ್ಟು ಓದಿದರು. ಕ್ರಿಸ್ಟಿನ್ ಥಾಂಪ್ಸನ್ ಮತ್ತು ಡೇವಿಡ್ ಬೋರ್ಡ್‌ವೆಲ್ ಇಂಥ ಸಾಂಕೇತಿಕ ಓದನ್ನು ಒಪ್ಪಲಿಲ್ಲ. ಅವಳು ಹೂದಾನಿಯನ್ನು ನೋಡುತ್ತಿದ್ದಾಳೆ ಎಂದು ನಂಬಲು ಗಟ್ಟಿ ಆಧಾರವಿಲ್ಲ, ಕಥೆಯ ಹಂಗಿಲ್ಲದೆ ವಸ್ತುಗಳ ಕಡೆ ಕಟ್ ಮಾಡುವುದು ಓಜುವಿನ ಕಟ್ಟುವ ರೀತಿಯಲ್ಲೇ ಇದೆ ಎಂಬುದು ಅವರ ವಾದ.

ಈ ಮೂರು ಓದುಗಳನ್ನು ಸಭೆಯ ಮುಂದಿಟ್ಟು ದೃಶ್ಯವನ್ನು ಮತ್ತೆ ಹಾಕಿ ತೋರಿಸುತ್ತೇನೆ. ಎರಡನೇ ಬಾರಿ ನೋಡುವಾಗ ಜನ ಹೊಸದನ್ನು ಹಿಡಿಯುತ್ತಾರೆ. ಮುಖದ ಭಾವ ಬದಲಾದದ್ದು ಹೂದಾನಿ ತೆರೆಯ ಮೇಲಿದ್ದಾಗ, ಅಂದರೆ ನಾವು ಅವಳನ್ನು ನೋಡದೇ ಇದ್ದಾಗ. ಆ ಹೊತ್ತಿನಲ್ಲಿ ಅಪ್ಪನ ಗೊರಕೆ ಕೇಳುತ್ತಲೇ ಇರುತ್ತದೆ. ಹೂದಾನಿ ಏನನ್ನು ಸೂಚಿಸುತ್ತದೆ ಎಂದು ಕೇಳುವುದಕ್ಕಿಂತ, ಮಗಳ ದುಃಖ ಹುಟ್ಟುವ ಗಳಿಗೆಯನ್ನು ಓಜು ನಮಗೆ ಯಾಕೆ ತೋರಿಸಲಿಲ್ಲ ಎಂದು ಕೇಳಿದರೆ ಚರ್ಚೆ ಬೆಳೆಯುತ್ತದೆ. ಮುಂದಿನ ಶಾಟ್ ಯಾವುದು, ಹಿಂದಿನದು ಯಾವುದು, ಸದ್ದು ಏನಿತ್ತು ಎಂಬುದನ್ನು ಗೊತ್ತುಮಾಡಿಕೊಳ್ಳದೆ ಹೇಳಿದ ಅರ್ಥ ಎಷ್ಟೇ ಚೆಂದವಾಗಿದ್ದರೂ ನಿಲ್ಲುವುದಿಲ್ಲ.

3. ನಿರ್ದೇಶಕನೇ ಕರ್ತೃ ಎಂಬ ಮಾತಿಗೂ ಒಂದು ಚರಿತ್ರೆ ಇದೆ

ಸಿನಿಮಾವನ್ನು ನಿರ್ದೇಶಕನ ಹೆಸರಿನಿಂದ ಗುರುತಿಸುವುದು ಇವತ್ತು ನಮಗೆ ಸಹಜ ಎನಿಸುತ್ತದೆ. ಅದು ಒಂದು ಕಾಲದ ಜಗಳದಿಂದ ಹುಟ್ಟಿದ ಮಾತು. ಆಂದ್ರೆ ಬಜಾನ್ ಮತ್ತು ಗೆಳೆಯರು 1951ರಲ್ಲಿ ಪ್ಯಾರಿಸಿನಲ್ಲಿ ‘ಕಾಯೆ ದು ಸಿನೆಮಾ’ ಪತ್ರಿಕೆ ಆರಂಭಿಸಿದರು. 1954ರ ಜನವರಿ ಸಂಚಿಕೆಯಲ್ಲಿ ಇಪ್ಪತ್ತೊಂದು ವರ್ಷದ ಫ್ರಾನ್ಸ್ವಾ ತ್ರುಫೊ ಲೇಖನ ಬರೆದು, ಪ್ರಸಿದ್ಧ ಕಾದಂಬರಿಗಳನ್ನು ಚಿತ್ರಕಥೆಗಾರರು ಒಪ್ಪವಾಗಿ ತಿದ್ದಿ ಕೊಡುವ ಫ್ರೆಂಚ್ ಚಿತ್ರಪರಂಪರೆಯನ್ನು ಕಟುವಾಗಿ ಟೀಕಿಸಿದ. ಸ್ಟುಡಿಯೋದ ಕಟ್ಟುಪಾಡಿನೊಳಗೂ ತಮ್ಮತನ ಉಳಿಸಿಕೊಂಡ ಹಿಚ್‌ಕಾಕ್, ಹೋವರ್ಡ್ ಹಾಕ್ಸ್ ಅಂಥವರನ್ನು ಆ ಬಳಗ ಎತ್ತಿಹಿಡಿಯಿತು.

ಗಮನಿಸಬೇಕಾದದ್ದು, ಇದಕ್ಕೆ ಮೊದಲ ಎಚ್ಚರಿಕೆ ಬಂದದ್ದೂ ಮನೆಯೊಳಗಿಂದಲೇ. 1957ರಲ್ಲಿ ಬಜಾನ್ ಅದೇ ಪತ್ರಿಕೆಯಲ್ಲಿ ಬರೆದು, ಈ ನಿಲುವು ವ್ಯಕ್ತಿಪೂಜೆಗೆ ತಿರುಗುವ ಅಪಾಯವನ್ನು ತೋರಿಸಿದರು. 1962ರಲ್ಲಿ ಆಂಡ್ರೂ ಸ್ಯಾರಿಸ್ ಅದನ್ನು ಅಮೆರಿಕಕ್ಕೆ ತಂದು ಸಿದ್ಧಾಂತದ ರೂಪ ಕೊಟ್ಟಾಗ ಮರುವರ್ಷವೇ ಪಾಲಿನ್ ಕೇಲ್ ಖಾರವಾಗಿ ಉತ್ತರಿಸಿದರು. ಕೆಟ್ಟ ಚಿತ್ರದಲ್ಲೂ ನಿರ್ದೇಶಕನ ಛಾಪು ಹುಡುಕಿ ಸಂಭ್ರಮಿಸುವುದು ವಿಮರ್ಶೆಯಾಗದು ಎಂಬುದು ಅವರ ತಕರಾರಿನ ತಿರುಳು.

ಎರಡೂ ಕಡೆಯ ವಾದವನ್ನು ಶಿಬಿರದಲ್ಲಿ ಒಟ್ಟಿಗೇ ಓದಿಸಬೇಕು. ತ್ರುಫೊನಿಂದ ಹಟವನ್ನು, ಬಜಾನ್‌ನಿಂದ ಸಮತೂಕವನ್ನು ನಾವು ಕಲಿಯಬಹುದು. ನಿರ್ದೇಶಕರ ಹೆಸರು ಚಿತ್ರವನ್ನು ಎಚ್ಚರದಿಂದ ನೋಡಲು ಕಾರಣವಾಗಲಿ. ತೀರ್ಪನ್ನು ಆ ಹೆಸರಿನ ಕೈಗೆ ಒಪ್ಪಿಸುವುದು ಬೇಡ.

4. ಜೊತೆಗಿದ್ದವರ ಹೆಸರು ಹೇಳಿ

‘ರಾಯ್ ಅವರ ಬೆಳಕು’ ಎನ್ನುವಾಗ ಸುಬ್ರತ ಮಿತ್ರ ಅವರ ಹೆಸರು ಬಿಟ್ಟರೆ ಅದು ಅರ್ಧ ಸತ್ಯ. ‘ಪಥೇರ್ ಪಾಂಚಾಲಿ’ಗೆ ಮೊದಲು ಮಿತ್ರ ಸಿನಿಮಾ ಕ್ಯಾಮೆರಾ ಹಿಡಿದವರೇ ಅಲ್ಲ. ‘ಅಪರಾಜಿತೊ’ (1956) ಚಿತ್ರದ ಕಾಶಿಯ ಮನೆಯ ಅಂಗಳವನ್ನು ಕಲಾನಿರ್ದೇಶಕ ಬನ್ಸಿ ಚಂದ್ರಗುಪ್ತ ಕಲ್ಕತ್ತೆಯ ಸ್ಟುಡಿಯೋದಲ್ಲಿ ಕಟ್ಟಿದಾಗ, ಮಿತ್ರ ಮೇಲೆ ಬಿಳಿ ಬಟ್ಟೆ ಎಳೆದು, ದೀಪದ ಬೆಳಕನ್ನು ಅದಕ್ಕೆ ಹಾಯಿಸಿ, ಅಲ್ಲಿಂದ ಕೆಳಕ್ಕೆ ಮೃದುವಾಗಿ ಬೀಳುವಂತೆ ಮಾಡಿದರು. ತೆರೆದ ಆಕಾಶದಿಂದ ಇಳಿದ ಬೆಳಕಿನಂತೆಯೇ ಅದು ಕಾಣುತ್ತದೆ. ಓಜುವಿನ ಯುದ್ಧೋತ್ತರ ಚಿತ್ರಗಳ ಹಿಂದೆ ಚಿತ್ರಕಥೆಗಾರ ಕೋಗೊ ನೋಡ, ಛಾಯಾಗ್ರಾಹಕ ಯುಹಾರು ಅತ್ಸುತ ಇದ್ದಾರೆ.

ಕನ್ನಡದ ‘ಸಂಸ್ಕಾರ’ (1970) ಇನ್ನೂ ಒಳ್ಳೆಯ ಉದಾಹರಣೆ. ನಿರ್ದೇಶನ ಪಟ್ಟಾಭಿರಾಮ ರೆಡ್ಡಿ ಅವರದು, ಕಥೆ ಅನಂತಮೂರ್ತಿ ಅವರದು, ಚಿತ್ರಕಥೆ ಗಿರೀಶ ಕಾರ್ನಾಡರದು, ಕ್ಯಾಮೆರಾ ಆಸ್ಟ್ರೇಲಿಯಾದ ಟಾಮ್ ಕೋವನ್ ಅವರದು, ಸಂಗೀತ ರಾಜೀವ ತಾರಾನಾಥರದು. ಈ ಚಿತ್ರದಲ್ಲಿ ‘ಕರ್ತೃ’ ಯಾರು ಎಂದು ಶಿಬಿರದಲ್ಲಿ ಕೇಳಿ ನೋಡಿ. ಹುಡುಗರು ಒಂದೊಂದು ದೃಶ್ಯ ಹಿಡಿದು, ಇದು ಯಾರ ಕೈಕೆಲಸ ಎಂದು ವಾದಿಸತೊಡಗುತ್ತಾರೆ. ಸಿನಿಮಾದ ಕಸುಬು ಅರ್ಥವಾಗುವುದು ಆಗಲೇ.

ಆದರೆ ಇದನ್ನು ನಿರ್ದೇಶಕನನ್ನು ಕೆಳಗಿಳಿಸುವ ಆಯುಧ ಮಾಡಿಕೊಳ್ಳಬಾರದು. ‘ಸಿಟಿಜನ್ ಕೇನ್’ (1941) ಚಿತ್ರಕಥೆಯ ಕೀರ್ತಿ ಬಹುಪಾಲು ಹರ್ಮನ್ ಮ್ಯಾಂಕೀವಿಟ್ಸ್‌ಗೆ ಸಲ್ಲಬೇಕೆಂದು ಪಾಲಿನ್ ಕೇಲ್ 1971ರಲ್ಲಿ ವಾದಿಸಿದರು. ಆಮೇಲೆ ರಾಬರ್ಟ್ ಕ್ಯಾರಿಂಜರ್ ಚಿತ್ರಕಥೆಯ ಬೇರೆ ಬೇರೆ ಕರಡುಗಳನ್ನು ಹೋಲಿಸಿ, ನಿರ್ದೇಶಕ ಆರ್ಸನ್ ವೆಲ್ಸ್ ಅವರ ಪಾಲೂ ದೊಡ್ಡದೆಂದು ತೋರಿಸಿದರು. ಯಾರ ಪಾಲು ಎಷ್ಟು ಎಂಬುದಕ್ಕೆ ಆಧಾರ ಬೇಕು. ಅಭಿಮಾನವಾಗಲಿ ಅಸಮಾಧಾನವಾಗಲಿ ಆಧಾರವಾಗದು.

5. ‘ಮೂಲಕ್ಕೆ ನಿಷ್ಠವೇ?’ ಎಂಬ ಪ್ರಶ್ನೆಯನ್ನು ಮುಂದಕ್ಕೆ ಒಯ್ಯಿರಿ

ಸಾಹಿತ್ಯ ಓದಿಕೊಂಡ ಕನ್ನಡ ಪ್ರೇಕ್ಷಕರು ತಪ್ಪದೆ ಕೇಳುವ ಪ್ರಶ್ನೆ ಇದು. ಕೇಳಬೇಕಾದದ್ದೇ. ಆದರೆ ‘ಬದಲಾಯಿಸಿದ್ದಾರೆ’ ಎಂಬಲ್ಲಿಗೆ ನಿಲ್ಲಬಾರದು.

‘ಚಾರುಲತಾ’ ಬಂದಾಗ ಬಂಗಾಳದಲ್ಲಿ ಇದೇ ವಾದ ನಡೆಯಿತು. ಟಾಗೋರರ ‘ನಷ್ಟನೀಡ್’ ಕಥೆಯಿಂದ ಚಿತ್ರ ದೂರ ಸರಿದಿದೆ ಎಂದು ಅಶೋಕ ರುದ್ರ ಆಕ್ಷೇಪಿಸಿದರು. ರಾಯ್ ಬೇಸರಪಟ್ಟು ಸುಮ್ಮನಾಗಲಿಲ್ಲ. ದೃಶ್ಯದಿಂದ ದೃಶ್ಯಕ್ಕೆ ಹೋಗಿ, ಎಲ್ಲಿ ಏನನ್ನು ಯಾಕೆ ಬದಲಿಸಿದೆ ಎಂದು ಬರೆದರು. ಅಂತ್ಯವನ್ನೇ ನೋಡಿ. ಕಥೆಯಲ್ಲಿ ಭೂಪತಿ ಪತ್ರಿಕೆಯ ಕೆಲಸಕ್ಕೆಂದು ನಮ್ಮ ಮೈಸೂರಿಗೆ ಹೊರಟು ನಿಲ್ಲುತ್ತಾನೆ. ತನ್ನನ್ನೂ ಕರೆದೊಯ್ಯಿರೆಂದು ಚಾರು ಬೇಡುತ್ತಾಳೆ. ಅವನು ಹಿಂಜರಿದು, ಆಮೇಲೆ ಬಾ ಎಂದಾಗ ಅವಳೇ ಬೇಡವೆನ್ನುತ್ತಾಳೆ. ಚಿತ್ರದಲ್ಲಿ ಚಾರು ಬಾಗಿಲು ತೆರೆದು ಕೈ ಚಾಚುತ್ತಾಳೆ, ಅವನೂ ಕೈ ಚಾಚುತ್ತಾನೆ, ಕೈಗಳು ಕೂಡುವ ಮೊದಲೇ ಚಿತ್ರ ಸ್ತಬ್ಧವಾಗುತ್ತದೆ. ಕಥೆ ಮುಚ್ಚಿದ ಬಾಗಿಲನ್ನು ಚಿತ್ರ ಅರ್ಧ ತೆರೆದಿಡುತ್ತದೆ.

ಕಾಸರವಳ್ಳಿ ಅವರ ‘ಗುಲಾಬಿ ಟಾಕೀಸ್’ (2008) ಇನ್ನೂ ದೂರ ಹೋಗುತ್ತದೆ. ವೈದೇಹಿ ಅವರ ಕಥೆಯಲ್ಲಿ ಊರಿಗೆ ಬರುವುದು ಟಾಕೀಸು. ಚಿತ್ರದಲ್ಲಿ ಸೂಲಗಿತ್ತಿ ಗುಲಾಬಿಯ ಗುಡಿಸಲಿಗೆ ಬರುವುದು ಟೀವಿ ಮತ್ತು ಡಿಶ್ ಆಂಟೆನಾ. ಅವಳು ಮೀನುಗಾರರ ನಡುವೆ ಬದುಕುವ ಮುಸ್ಲಿಂ ಹೆಂಗಸು, ಕಾಲ ಕಾರ್ಗಿಲ್ ಯುದ್ಧದ್ದು. ಈ ಬದಲಾವಣೆಯಿಂದ ಕಥೆಯ ಕೆಲವು ಗುಣಗಳು ಬಿಟ್ಟುಹೋದವು. ಅವುಗಳ ಜಾಗಕ್ಕೆ, ಮನರಂಜನೆಯನ್ನು ಮನೆಗೆ ತಂದ ಪೆಟ್ಟಿಗೆಯೇ ಅಕ್ಕಪಕ್ಕದವರ ನಡುವಿನ ಸಂಶಯವನ್ನೂ ಬೆಳೆಸುವ ಕಾಲದ ಚಿತ್ರ ಬಂತು. ಏನು ಹೋಯಿತು, ಏನು ಬಂತು, ಆ ವಿನಿಮಯ ಸರಿಯೇ ಎಂದು ತೂಗಿ ನೋಡುವುದು ವಿಮರ್ಶೆಯ ಕೆಲಸ.

6. ಒಂದು ಚಿತ್ರವನ್ನು ಇನ್ನೊಂದರ ಪಕ್ಕದಲ್ಲಿಡಿ

ದೊಡ್ಡ ನಿರ್ದೇಶಕರ ಹೆಸರಿನಿಂದ ನಿಜವಾದ ಉಪಯೋಗ ಸಿಗುವುದು ಇಲ್ಲಿ. ಕಾಸರವಳ್ಳಿ ಅವರ ‘ತಬರನ ಕಥೆ’ಯಲ್ಲಿ (1986) ನಿವೃತ್ತಿಯ ಹಣಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಮುನಿಸಿಪಾಲಿಟಿ ನೌಕರ, ‘ಕೂರ್ಮಾವತಾರ’ದಲ್ಲಿ (2011) ನಿವೃತ್ತಿಯ ಅಂಚಿನಲ್ಲಿ ಟೀವಿ ಧಾರಾವಾಹಿಯ ಗಾಂಧಿ ಪಾತ್ರಕ್ಕೆ ಆಯ್ಕೆಯಾಗುವ ಸರ್ಕಾರಿ ನೌಕರ. ಎರಡರ ನಡುವೆ ಕಾಲು ಶತಮಾನ. ಮೊದಲನೆಯವನಿಗೆ ವ್ಯವಸ್ಥೆ ಎದುರಿಗಿರುವ ಗೋಡೆ. ಎರಡನೆಯವನು ಅದೇ ವ್ಯವಸ್ಥೆಯೊಳಗೆ ತಲೆತಗ್ಗಿಸಿ ಬದುಕಿದವನು, ಗಾಂಧಿಯ ಮಾತುಗಳನ್ನು ಬಾಯಿಪಾಠ ಮಾಡುತ್ತಾ ತನ್ನನ್ನೇ ಕೇಳಿಕೊಳ್ಳಬೇಕಾಗಿ ಬಂದವನು. ಎರಡನ್ನೂ ಒಟ್ಟಿಗೆ ನೋಡಿದವರಿಗೆ, ಒಬ್ಬ ನಿರ್ದೇಶಕರ ಪ್ರಶ್ನೆ ಹೇಗೆ ಮಾಗಿತು ಎಂಬುದು ಕಾಣುತ್ತದೆ. ‘ಘಟಶ್ರಾದ್ಧ’ದ ಯಮುನಾ ಮತ್ತು ‘ದ್ವೀಪ’ದ (2002) ನಾಗಿಯನ್ನು ಹೀಗೇ ಪಕ್ಕಪಕ್ಕದಲ್ಲಿಟ್ಟು ನೋಡಬಹುದು.

7. ಬೇಸರವಾಯಿತು ಎನ್ನುವವರ ಮಾತು ಕೇಳಿ

ದೊಡ್ಡ ಹೆಸರಿನ ಮುಂದೆ ‘ನನಗೆ ಬೇಸರವಾಯಿತು’ ಎನ್ನಲು ಧೈರ್ಯ ಬೇಕು. ಹಾಗೆ ಹೇಳಿದವರನ್ನು ಸಭೆ ತಿರುಗಿ ನೋಡಿ ನಕ್ಕರೆ ಅವರು ಮುಂದಿನ ವಾರ ಬರುವುದಿಲ್ಲ. ಕಿಯಾರೊಸ್ತಮಿಯ ‘ಟೇಸ್ಟ್ ಆಫ್ ಚೆರಿ’ 1997ರಲ್ಲಿ ಕಾನ್ ಉತ್ಸವದ ಪಾಮ್ ದೋರ್ ಪ್ರಶಸ್ತಿಯನ್ನು ಇಮಾಮುರನ ಚಿತ್ರದೊಂದಿಗೆ ಹಂಚಿಕೊಂಡಿತು. ಶಿಕಾಗೋದ ವಿಮರ್ಶಕ ರೋಜರ್ ಎಬರ್ಟ್ ಅದಕ್ಕೆ ಒಂದೇ ನಕ್ಷತ್ರ ಕೊಟ್ಟರು. ಅದೇ ಊರಿನ ಜೊನಾಥನ್ ರೋಸೆನ್‌ಬಾಮ್ ಅದನ್ನು ಬಹುವಾಗಿ ಮೆಚ್ಚಿದರು, ಮುಂದೆ ಕಿಯಾರೊಸ್ತಮಿ ಕುರಿತ ಪುಸ್ತಕವೊಂದಕ್ಕೆ ಸಹಲೇಖಕರೂ ಆದರು. ಇಬ್ಬರೂ ಚಿತ್ರವನ್ನು ಗಮನವಿಟ್ಟು ನೋಡಿದವರೇ.

ಬೇಸರ ಬಂದ ಜಾಗ ಯಾವುದು ಎಂದು ಕೇಳಿ. ಕಾರು ಅದೇ ಗುಡ್ಡದ ರಸ್ತೆಯಲ್ಲಿ ಸುತ್ತುವ ದೃಶ್ಯಗಳೇ? ಹಾಗಿದ್ದರೆ ಆ ಸುತ್ತಾಟ ಅಲ್ಲಿ ಏನು ಮಾಡುತ್ತಿದೆ ಎಂದು ಎಲ್ಲರೂ ಯೋಚಿಸಬಹುದು. ಬೇಸರ ಒಮ್ಮೊಮ್ಮೆ ಚಿತ್ರದ ಲಯ ಬೇರೆಯಾಗಿದೆ ಎಂಬ ಸೂಚನೆ, ಒಮ್ಮೊಮ್ಮೆ ಚಿತ್ರದ ದೋಷ. ಯಾವುದು ಎಂಬುದು ಮಾತಾಡಿದ ಮೇಲೆಯೇ ತಿಳಿಯುತ್ತದೆ.

ಮೊದಲ ಪ್ರತಿಕ್ರಿಯೆ ಬದಲಾಗಬಲ್ಲದು ಎಂಬುದಕ್ಕೂ ಸಾಕ್ಷಿಯಿದೆ. ಆಂಟೋನಿಯೋನಿಯ ‘ಲವ್ವೆಂಚೂರ’ 1960ರಲ್ಲಿ ಕಾನ್‌ನಲ್ಲಿ ತೋರಿಸಲ್ಪಟ್ಟಾಗ ಸಭಿಕರು ಕೂಗಿ ಗೇಲಿ ಮಾಡಿದರು. ಮರುದಿನ ರೊಸೆಲ್ಲಿನಿಯೂ ಸೇರಿ ಅನೇಕ ಚಿತ್ರಕರ್ಮಿಗಳು, ವಿಮರ್ಶಕರು ಚಿತ್ರದ ಪರವಾಗಿ ಸಹಿ ಹಾಕಿದ ಹೇಳಿಕೆ ಕೊಟ್ಟರು. ಚಿತ್ರಕ್ಕೆ ತೀರ್ಪುಗಾರರ ಪ್ರಶಸ್ತಿ ಬಂತು. ಎರಡೇ ವರ್ಷದಲ್ಲಿ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳ ಬಗ್ಗೆ ವಿಮರ್ಶಕರ ಮತ ಕೇಳಿದಾಗ ಅದು ಎರಡನೇ ಸ್ಥಾನದಲ್ಲಿತ್ತು.

8. ನೋಡಿದ್ದು ಯಾವ ಪ್ರತಿ ಎಂದು ತಿಳಿದುಕೊಳ್ಳಿ

ರೆನ್ವಾರನ ‘ದ ರೂಲ್ಸ್ ಆಫ್ ದ ಗೇಮ್’ 1939ರಲ್ಲಿ ಜನರ ಸಿಟ್ಟಿಗೆ ಗುರಿಯಾಗಿ ಮತ್ತೆ ಮತ್ತೆ ಕತ್ತರಿಸಲ್ಪಟ್ಟಿತು. 1959ರಲ್ಲಿ ಅದನ್ನು ಮತ್ತೆ ಜೋಡಿಸುವವರೆಗೆ ಬಹಳ ಜನ ಮಾತಾಡಿದ್ದು ಮೊಟಕಾದ ಚಿತ್ರದ ಬಗ್ಗೆ. ರಾಯ್ ಅವರ ಅಪು ಚಿತ್ರಗಳ ಮೂಲ ನೆಗೆಟಿವ್‌ಗಳು 1993ರಲ್ಲಿ ಲಂಡನ್ನಿನ ಲ್ಯಾಬೊಂದರ ಬೆಂಕಿಯಲ್ಲಿ ಸುಟ್ಟವು. ಬೊಲೋನ್ಯದ ಪ್ರಯೋಗಾಲಯದಲ್ಲಿ ತಾಳ್ಮೆಯಿಂದ ದುರಸ್ತಿಯಾದ ಮೇಲೆ 2015ರಲ್ಲಿ ಹೊಸ ಪ್ರತಿಗಳು ತೆರೆಗೆ ಬಂದವು.

ನಮ್ಮ ‘ಘಟಶ್ರಾದ್ಧ’ (1977) ಕೂಡ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಪ್ರಯತ್ನದಿಂದ ಮರುಜೀವ ಪಡೆದು 2024ರಲ್ಲಿ ವೆನಿಸ್ ಉತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಪ್ರದರ್ಶನ ಕಂಡಿತು. ಎಸ್. ರಾಮಚಂದ್ರ ಅವರ ಕಪ್ಪುಬಿಳುಪು ಛಾಯಾಗ್ರಹಣದ ಬಗ್ಗೆ ಮಸುಕಾದ ವಿಡಿಯೊ ನೋಡಿ ಬರೆಯುವುದು ಅವರಿಗೆ ನ್ಯಾಯ ಮಾಡಿದಂತಲ್ಲ. ಲೇಖನದಲ್ಲಿ ಯಾವ ಪ್ರತಿ ನೋಡಿದ್ದೆಂದು ಒಂದು ಸಾಲು ಬರೆಯುವುದು ಒಳ್ಳೆಯ ರೂಢಿ.

9. ನಿರ್ದೇಶಕರು ಎದುರಿಗಿದ್ದರೆ ‘ಹೇಗೆ’ ಎಂದು ಕೇಳಿ

‘ಇದರ ಅರ್ಥವೇನು ಸರ್?’ ಎಂದು ಕೇಳಿದರೆ ಒಳ್ಳೆಯ ನಿರ್ದೇಶಕರು ಮುಜುಗರಪಡುತ್ತಾರೆ. ‘ಈ ದೃಶ್ಯದಲ್ಲಿ ಕ್ಯಾಮೆರಾ ಬಾಗಿಲ ಹೊರಗೇ ಯಾಕೆ ನಿಂತಿತು?’ ಎಂದು ಕೇಳಿದರೆ ಅವರ ಮುಖ ಅರಳುತ್ತದೆ. ತ್ರುಫೊ 1962ರಲ್ಲಿ ಹಿಚ್‌ಕಾಕ್ ಎದುರು ಕೂತು, ಚಿತ್ರದಿಂದ ಚಿತ್ರಕ್ಕೆ ಇಂಥ ಕಸುಬಿನ ಪ್ರಶ್ನೆಗಳನ್ನೇ ಕೇಳುತ್ತಾ ಹೋದ. 1966ರಲ್ಲಿ ಪುಸ್ತಕವಾಗಿ ಬಂದ ಆ ಸಂವಾದವನ್ನು ಚಿತ್ರಕರ್ಮಿಗಳು ಇಂದಿಗೂ ಓದುತ್ತಾರೆ. ಜೊತೆಗೆ ಇದೂ ನೆನಪಿರಲಿ: ನಿರ್ದೇಶಕರು ತಮ್ಮ ಚಿತ್ರದ ಬಗ್ಗೆ ಹೇಳಿದ್ದು ಬೆಲೆಯುಳ್ಳ ಸಾಕ್ಷ್ಯ, ಆದರೆ ಕೊನೆಯ ತೀರ್ಪಲ್ಲ. ಅವರು ಹೇಳಿದ್ದು ತೆರೆಯ ಮೇಲೆ ಕಾಣದಿದ್ದರೆ ಗೌರವದಿಂದಲೇ ಹಾಗೆಂದು ಹೇಳಬಹುದು. ಶ್ರೇಷ್ಠ ಚಿತ್ರಗಳ ಪಟ್ಟಿಗಳ ವಿಷಯದಲ್ಲೂ ಇದೇ ಮಾತು. ‘ಸೈಟ್ ಅಂಡ್ ಸೌಂಡ್’ ಪಟ್ಟಿಯ ತುದಿಯಲ್ಲಿ 1962ರಿಂದ ಇದ್ದ ‘ಸಿಟಿಜನ್ ಕೇನ್’ ಜಾಗಕ್ಕೆ 2012ರಲ್ಲಿ ‘ವರ್ಟಿಗೊ’ ಬಂತು, 2022ರಲ್ಲಿ ಶಾಂತಾಲ್ ಅಕರ್ಮನ್ ಅವರ ‘ಝಾನ್ ಡೀಲ್ಮನ್’ ಬಂತು. ಚಿತ್ರಗಳು ಬದಲಾಗಿಲ್ಲ, ನೋಡುವವರು ಬದಲಾಗಿದ್ದಾರೆ.

10. ನಿಮ್ಮ ಭಾಷೆಯಲ್ಲಿ ಮಾತಾಡಿ

ಇಂಥ ಚಿತ್ರಗಳ ಚರ್ಚೆ ಪರಿಣತರಿಗೆ, ಇಂಗ್ಲಿಷಿಗೆ, ಮಹಾನಗರಕ್ಕೆ ಸೇರಿದ್ದು ಎಂಬ ಅಳುಕು ನಮ್ಮ ಊರುಗಳಲ್ಲಿ ಈಗಲೂ ಇದೆ. ಆದರೆ ಬೆಂಗಳೂರಿನಲ್ಲಿ ‘ಸುಚಿತ್ರ’ ಫಿಲ್ಮ್ ಸೊಸೈಟಿ 1971ರಲ್ಲೇ ಹುಟ್ಟಿತು. ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು 1973ರಲ್ಲಿ ನೀನಾಸಮ್ ಚಿತ್ರಸಮಾಜ ಕಟ್ಟಿದರು. ಪುಣೆಯಿಂದ ಸತೀಶ್ ಬಹಾದ್ದೂರ್ ಬಂದು ರಸಗ್ರಹಣದ ಪಾಠ ಹೇಳಿದರು. ಅಡಿಕೆ ತೋಟದ ಸೀಮೆಯ ಜನ ‘ಪಥೇರ್ ಪಾಂಚಾಲಿ’, ‘ರಾಶೊಮಾನ್’ ನೋಡಿ ತಮ್ಮ ಮಾತಿನಲ್ಲಿ ಚರ್ಚಿಸಿದರು. ಶಾಟ್, ಕಟ್, ಕ್ಲೋಸ್‌ಅಪ್ ಎಂಬ ಕೆಲವೇ ಪದಗಳು ಸಾಕು. ಉಳಿದದ್ದಕ್ಕೆ, ನೋಡಿದ್ದನ್ನು ನೋಡಿದ ಹಾಗೆ ಹೇಳುವ ಕನ್ನಡ ನಮ್ಮಲ್ಲಿ ಧಾರಾಳವಾಗಿದೆ.

ನಿಮ್ಮ ಊರಿನಲ್ಲಿ ಚಿತ್ರಸಮಾಜ ಇಲ್ಲದಿದ್ದರೆ ನಾಲ್ಕು ಜನ ಸೇರಿ ಒಂದು ಶುರುಮಾಡಿ. ಗ್ರಂಥಾಲಯದ ಒಂದು ಕೋಣೆ, ಒಂದು ಪ್ರೊಜೆಕ್ಟರ್, ಒಳ್ಳೆಯ ಪ್ರತಿ ಇದ್ದರೆ ಸಾಕು. ಮೊದಲ ತಿಂಗಳು ‘ಘಟಶ್ರಾದ್ಧ’ ತೋರಿಸಿ, ಮರುತಿಂಗಳು ‘ಚಾರುಲತಾ’. ಚಿತ್ರ ಮುಗಿದ ಮೇಲೆ ನಿರ್ದೇಶಕರ ಪರಿಚಯ ಭಾಷಣ ಮಾಡಬೇಡಿ. ಏನು ಕಂಡಿರಿ ಎಂದು ಕೇಳಿ, ಎಲ್ಲರಿಗೂ ಮಾತಾಡಲು ಬಿಡಿ.